ಸೌಹಾರ್ದ ಸಭೆಗೆ ಬರಬೇಕಾದವರು ಬರುವುದೇ ಇಲ್ಲ

ಮೈಸೂರಿನ ಕಲಾಮಂದಿರವೋ ಪುರಭವನವೋ, ಮಂಡ್ಯದ ಗಾಂಧಿ ಭವನವೋ, ಜಾಗ ಯಾವುದಾದರೂ ಆಗಲಿ, ಸೌಹಾರ್ದ ಸಮಾವೇಶ ಹೇಗಿರುತ್ತದೆ ಅನ್ನುವುದು ನಮಗೆಲ್ಲ ಬಾಯಿಪಾಠ ಆಗಿಬಿಟ್ಟಿದೆ. ವೇದಿಕೆ ಮೇಲೆ ಒಬ್ಬರು ಸ್ವಾಮೀಜಿ, ಒಬ್ಬರು ಮೌಲ್ವಿ, ಒಬ್ಬರು ಫಾದರ್, ಒಮ್ಮೊಮ್ಮೆ ಒಬ್ಬರು ಬೌದ್ಧ ಭಿಕ್ಷು. ದೀಪ ಹಚ್ಚುವ ಬದಲು ಗಿಡಕ್ಕೆ ನೀರು ಹಾಕಿಯೋ ತಮಟೆ ಬಾರಿಸಿಯೋ ಉದ್ಘಾಟನೆ. ಸಂವಿಧಾನ ಪೀಠಿಕೆಯ ಓದು. ಒಂದೆರಡು ಹೋರಾಟದ ಹಾಡು. ಆಮೇಲೆ ಭಾಷಣ, ಮತ್ತೆ ಭಾಷಣ, ಊಟದ ಹೊತ್ತು ಮೀರಿದ ಮೇಲೂ ಭಾಷಣ.

ಗೇಲಿ ಮಾಡಲು ಇದನ್ನು ಬರೆಯುತ್ತಿಲ್ಲ. ಇಂಥ ಸಭೆ ಮಾಡುವುದು ಈಗ ಸುಲಭ ಅಲ್ಲ. ದುಡ್ಡು ಹುಟ್ಟುವುದಿಲ್ಲ, ಸಂಘಟಕರಿಗೆ ಫೋನಿನಲ್ಲಿ ಬೈಗುಳ, ಬಂದವರ ಫೋಟೊ ಯಾವುದೋ ವಾಟ್ಸಾಪ್ ಗುಂಪಿಗೆ ಹೋಗಿ ಅಲ್ಲಿ ಇನ್ನೊಂದು ಸುತ್ತು ಬೈಗುಳ. ಅಷ್ಟೆಲ್ಲ ಸಹಿಸಿಕೊಂಡು ಮಾಡುತ್ತಾರೆ ಅಂದ ಮೇಲೆ ಇದರಿಂದ ಏನಾದರೂ ಆಗುತ್ತಿದೆಯಾ ಅಂತ ಕೇಳಲೇಬೇಕು. ನನಗನ್ನಿಸುವುದು ಇಷ್ಟು. ಆಗಬಹುದು, ಆದರೆ ಈಗ ಮಾಡುತ್ತಿರುವ ರೀತಿಯಲ್ಲಿ ಆಗುವುದು ಕಷ್ಟ. ಮೊದಲೇ ಒಪ್ಪಿಕೊಂಡವರೇ ಸಭೆಗೆ ಬರುತ್ತಾರೆ. ಧರ್ಮದ ಬಗ್ಗೆ ಜಾಸ್ತಿ ಮಾತಾಡುತ್ತಾರೆ, ಜಾತಿಯ ಬಗ್ಗೆ ಕಮ್ಮಿ, ಊರಲ್ಲಿ ನಿಜವಾಗಿ ಜಗಳಕ್ಕೆ ಕಾರಣ ಆಗುವ ಸಣ್ಣ ಸಣ್ಣ ವಿಚಾರಗಳ ಬಗ್ಗೆ ಏನೂ ಇಲ್ಲ.

ಈಚೆಗೆ ನಮ್ಮ ಸುತ್ತ ಆಗಿದ್ದನ್ನೇ ನೋಡಿ. 2024ರ ಜನವರಿ ಕೊನೆಯಲ್ಲಿ ಮಂಡ್ಯ ತಾಲೂಕಿನ ಕೆರಗೋಡಿನಲ್ಲಿ 108 ಅಡಿ ಎತ್ತರದ ಕಂಬದ ಮೇಲಿದ್ದ ಹನುಮ ಧ್ವಜವನ್ನು ಅಧಿಕಾರಿಗಳು ಇಳಿಸಿ ರಾಷ್ಟ್ರಧ್ವಜ ಏರಿಸಿದರು. ಊರು ಬೀದಿಗೆ ಬಂತು, ಲಾಠಿ ಬೀಸಿದರು, ಮಂಡ್ಯ ಬಂದ್‌ಗೂ ಕರೆ ಬಂತು. ಅದೇ ವರ್ಷ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಬದರಿಕೊಪ್ಪಲಿನ ಗಣೇಶ ಮೆರವಣಿಗೆ ದರ್ಗಾ ಬಳಿ ಬಂದಾಗ ಮಾತಿಗೆ ಮಾತು ಬೆಳೆಯಿತು, ಆಮೇಲೆ ಕಲ್ಲು, ಆಮೇಲೆ ಬೆಂಕಿ. ಎರಡೂ ಕಡೆಯವರ ಅಂಗಡಿಗಳು ಸುಟ್ಟವು, 50ಕ್ಕೂ ಹೆಚ್ಚು ಜನ ಜೈಲು ಕಂಡರು. 2025ರ ಫೆಬ್ರವರಿ 10ರಂದು ಮೈಸೂರಿನ ಉದಯಗಿರಿ ಪೊಲೀಸ್ ಠಾಣೆಗೆ ಕಲ್ಲು ಬಿತ್ತು, ಕಾರಣ ಮೊಬೈಲಿನಲ್ಲಿ ಓಡಾಡಿದ ಒಂದು ಪೋಸ್ಟ್. ಅದೇ ವರ್ಷ ಸೆಪ್ಟೆಂಬರ್ 7ರಂದು ಮದ್ದೂರಿನಲ್ಲಿ ಗಣೇಶ ಮೆರವಣಿಗೆ ಮೇಲೆ ಕಲ್ಲು ತೂರಿದರು, ಎರಡು ದಿನ ಬಿಟ್ಟು ಊರು ಬಂದ್. ಆ ಕಲ್ಲು ಬಿದ್ದ ಬಡಾವಣೆಯ ಹೆಸರು ರಾಮ್ ರಹೀಮ್ ನಗರ.

ಮಂಡ್ಯದವರು ಕಾವೇರಿಗೆ ಬೀದಿಗಿಳಿಯುತ್ತಾರೆ, ಕಬ್ಬಿನ ಬಾಕಿಗೆ ರಸ್ತೆ ತಡೆಯುತ್ತಾರೆ, ಕೋಮು ಗಲಾಟೆ ಏನಿದ್ದರೂ ಕರಾವಳಿ ಕಡೆಯದು ಅಂತ ನಾವೇ ಹೇಳಿಕೊಂಡು ಓಡಾಡುತ್ತಿದ್ದೆವು ಅಲ್ವಾ? ಆ ನೆಮ್ಮದಿ ಈಗ ಉಳಿದಿಲ್ಲ.

ಈ ನಾಲ್ಕೂ ಘಟನೆಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಒಂದರಲ್ಲಿ ಕಂಬ, ಎರಡರಲ್ಲಿ ಮೆರವಣಿಗೆ ಸಾಗುವ ದಾರಿ, ಇನ್ನೊಂದರಲ್ಲಿ ಮೊಬೈಲು. ದೇವರು ಒಬ್ಬನೋ ಹಲವರೋ ಅನ್ನುವ ತಕರಾರು ಒಂದರಲ್ಲೂ ಇಲ್ಲ. ಎಲ್ಲ ಧರ್ಮಗಳ ಸಾರ ಒಂದೇ ಅಂತ ಎಷ್ಟು ಚೆನ್ನಾಗಿ ಹೇಳಿದರೂ, ಮೆರವಣಿಗೆ ಎಷ್ಟು ಗಂಟೆಯೊಳಗೆ ದರ್ಗಾ ದಾಟಬೇಕು, ಅಲ್ಲಿ ಎಷ್ಟು ಹೊತ್ತು ನಿಲ್ಲಬಹುದು, ಡಿಜೆ ಎಲ್ಲಿ ಆಫ್ ಮಾಡಬೇಕು, ಆಫ್ ಮಾಡಿ ಅಂತ ಹೇಳುವವನು ಯಾರು ಅನ್ನುವುದು ಆ ಭಾಷಣದಿಂದ ತೀರ್ಮಾನ ಆಗುವುದಿಲ್ಲ.

ಇದನ್ನೆಲ್ಲ ತೀರ್ಮಾನ ಮಾಡಲು ನಮ್ಮಲ್ಲಿ ಶಾಂತಿ ಸಭೆ ಅಂತ ಒಂದಿದೆ. ಗಣೇಶ ಹಬ್ಬ, ಈದ್ ಮಿಲಾದ್, ಬಕ್ರೀದ್ ಹತ್ತಿರ ಬಂದಾಗ ಠಾಣೆ ಆವರಣದಲ್ಲೋ ತಾಲೂಕು ಕಚೇರಿಯಲ್ಲೋ ನಡೆಯುತ್ತದೆ. ಇನ್ಸ್‌ಪೆಕ್ಟರ್, ತಹಶೀಲ್ದಾರ್, ಪುರಸಭೆಯವರು, ಕರೆಂಟು ಕೊಡುವ ಸೆಸ್ಕ್‌ನವರು ಒಂದು ಕಡೆ, "ಉಭಯ ಕೋಮಿನ ಮುಖಂಡರು" ಇನ್ನೊಂದು ಕಡೆ. ಕಾಫಿ, ಬಿಸ್ಕತ್ತು, ಎಚ್ಚರಿಕೆ, ಒಂದು ಗ್ರೂಪ್ ಫೋಟೊ. ಮರುದಿನ ಪತ್ರಿಕೆಯಲ್ಲಿ ಎರಡು ಕಾಲಂ ಸುದ್ದಿ. ಮುಖಂಡರು ಅಂದರೆ ಸಾಮಾನ್ಯವಾಗಿ ವಯಸ್ಸಾದ ಗಂಡಸರು. ಗಣೇಶ ಕೂರಿಸುವ, ಡಿಜೆಗೆ ಅಡ್ವಾನ್ಸ್ ಕೊಡುವ, ಟ್ರ್ಯಾಕ್ಟರ್ ಮುಂದೆ ಕುಣಿಯುವ ಹುಡುಗರು ಅಲ್ಲಿಗೆ ಬರುವುದಿಲ್ಲ, ಅವರನ್ನು ಕರೆಯುವುದೂ ಇಲ್ಲ. ದರ್ಗಾ ಪಕ್ಕದ ಗಲ್ಲಿಯ ಹುಡುಗರನ್ನೂ ಕರೆಯುವುದಿಲ್ಲ. ಹೆಂಗಸರಂತೂ ಬೆರಳೆಣಿಕೆ. ಗಲಾಟೆಯಾದರೆ ಅಂಗಡಿ ಬಾಗಿಲು ಹಾಕಿ ಮೂರು ದಿನದ ವ್ಯಾಪಾರ ಕಳೆದುಕೊಳ್ಳುವವನಿಗೆ ಅಲ್ಲಿ ಕುರ್ಚಿಯೇ ಇಲ್ಲ. ಹೀಗಾಗಿ ಹಾಲ್‌ನಲ್ಲಿ ನಡೆಯುವ ಸೌಹಾರ್ದ ಸಭೆಯಲ್ಲಿ ಒಳ್ಳೆಯ ಮಾತಿದೆ, ಆದರೆ ದಾರಿಯ ವಿಚಾರ ಇಲ್ಲ. ಠಾಣೆಯ ಶಾಂತಿ ಸಭೆಯಲ್ಲಿ ದಾರಿಯ ವಿಚಾರ ಇದೆ, ಆದರೆ ದಾರಿಯಲ್ಲಿ ನಡೆಯುವವರಿಲ್ಲ.

ಇನ್ನೊಂದು ಕಡೆಯಿಂದ ಕ್ಯಾಲೆಂಡರ್ ನೋಡಿ. 2023, 2024, 2025, ಮೂರೂ ವರ್ಷ ಗಣೇಶ ವಿಸರ್ಜನೆಯ ದಿನಗಳೂ ಈದ್ ಮಿಲಾದ್ ಕೂಡ ಹತ್ತಿರ ಹತ್ತಿರ ಬಂದವು. 2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಒಂದೇ ದಿನ. ಹಿಜರಿ ವರ್ಷ ನಮ್ಮ ಇಂಗ್ಲಿಷ್ ಕ್ಯಾಲೆಂಡರಿಗಿಂತ 10-11 ದಿನ ಚಿಕ್ಕದು, ಹಾಗಾಗಿ ಮಿಲಾದ್ ವರ್ಷ ವರ್ಷ ಹಿಂದಕ್ಕೆ ಸರಿಯುತ್ತದೆ. 2026ರಲ್ಲಿ ಅಧಿಕ ಮಾಸ ಇರುವುದರಿಂದ ಗಣೇಶ ಚತುರ್ಥಿ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ, ಮಿಲಾದ್ ಆಗಸ್ಟ್ ಕೊನೆಯಲ್ಲೇ ಮುಗಿದಿರುತ್ತದೆ. ಗಲಾಟೆ ಕಡಿಮೆ ಆದರೆ ಅದಕ್ಕೆ ಇದೂ ಒಂದು ಕಾರಣ ಇರಬಹುದು. ಆಗ ತಮ್ಮ ಸಭೆಯಿಂದಲೇ ಶಾಂತಿ ಬಂತು ಅಂತ ಯಾರಾದರೂ ಹಾರ ಹಾಕಿಸಿಕೊಂಡರೆ ಪಂಚಾಂಗಕ್ಕೂ ಒಂದು ಹಾರ ಹಾಕಿ ಅಂತ ಹೇಳಬೇಕಾಗುತ್ತದೆ.

ಈಗ ಭಾಷಣಗಳ ವಿಚಾರ. ಮೈಸೂರು ಭಾಗದ ಸೌಹಾರ್ದ ಭಾಷಣಕ್ಕೆ ಒಂದು ಸಿದ್ಧ ಪಟ್ಟಿ ಇದೆ. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಟಿಪ್ಪು ಮಠಕ್ಕೆ ಬರೆದ ಪತ್ರಗಳು. ಟಿಪ್ಪು ಹಕೀಂ ಅಂತ ಕರೆದ ನಂಜನಗೂಡಿನ ನಂಜುಂಡ ಮತ್ತು ಅಲ್ಲಿಗೆ ಅವನು ಕೊಟ್ಟನೆನ್ನುವ ಪಚ್ಚೆ ಲಿಂಗ. ಮೇಲುಕೋಟೆಯ ದೇವಸ್ಥಾನದಲ್ಲಿ ಪೂಜೆಗೊಳ್ಳುವ, ಐತಿಹ್ಯದ ಮುಸ್ಲಿಂ ರಾಜಕುಮಾರಿ ಬೀಬಿ ನಾಚಿಯಾರ್. 1933ರಲ್ಲಿ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಹಾಕಿದ ನಾಲ್ವಡಿ ಕೃಷ್ಣರಾಜ ಒಡೆಯರ್. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಎಲ್ಲವೂ ಹೇಳಬೇಕಾದದ್ದೇ. ಆದರೆ ಈ ಪಟ್ಟಿ ಕೇಳಿ ಮನಸ್ಸು ಬದಲಾಯಿಸಿಕೊಂಡವರು ಯಾರೂ ನನಗೆ ಗೊತ್ತಿಲ್ಲ. ಎದುರಿನವರು ಟಿಪ್ಪುವಿನ ಬೇರೆ ಪಟ್ಟಿ ತರುತ್ತಾರೆ, ಅಲ್ಲಿಗೆ ಸಂವಾದ ಮುಗಿದು ಚರ್ಚಾಸ್ಪರ್ಧೆ ಶುರುವಾಗುತ್ತದೆ. ಜೊತೆಗೆ ಹಳೇ ಮೈಸೂರು ನಂದನವನ ಆಗಿತ್ತು ಅನ್ನುವ ಮಾತೂ ಅರ್ಧ ಸತ್ಯ. ಅದೇ ಮಿರ್ಜಾ ಅವರ ಕಾಲದಲ್ಲಿ, 1928ರಲ್ಲಿ, ಬೆಂಗಳೂರಿನಲ್ಲಿ ಶಾಲೆಯ ಗಣಪತಿ ವಿಗ್ರಹದ ವಿಚಾರಕ್ಕೆ ಗಲಭೆ ಆಯಿತು, ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೇ ಕೂರಬೇಕಾಯಿತು.

ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದ ಒಂದು ಘಟನೆ ಇದೆ, ನನಗೆ ಅದೇ ಮುಖ್ಯ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಒಟ್ಟಿಗೆ ಕೂತು ಕೇಳಿದ್ದು ಒಂದೇ, ಸರ್ಕಾರಿ ಕೆಲಸಗಳೆಲ್ಲ ಒಂದೇ ಜಾತಿಯವರ ಕೈಯಲ್ಲಿ ಯಾಕಿವೆ, ನಮ್ಮ ಪಾಲು ಎಲ್ಲಿ ಅಂತ. 1918ರಲ್ಲಿ ನಾಲ್ವಡಿಯವರು ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಈ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂದು ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. 1919ರಲ್ಲಿ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂದಿತು. ಆ ಲೆಕ್ಕದೊಳಗೆ ಮುಸ್ಲಿಮರೂ ಇದ್ದರು.

ಅವರು ಯಾರೂ ಸರ್ವಧರ್ಮ ಸಮ್ಮೇಳನ ಮಾಡಲಿಲ್ಲ. ಒಬ್ಬರ ಧರ್ಮವನ್ನು ಇನ್ನೊಬ್ಬರು ಹೊಗಳಲೂ ಇಲ್ಲ. ಎಲ್ಲರಿಗೂ ಒಂದೇ ಕೊರತೆ ಇತ್ತು, ಅದನ್ನು ಒಟ್ಟಿಗೆ ಕೇಳಿದರು. ಕೂಡಿ ಬಾಳುವುದು ಅಲ್ಲಿ ಗುರಿ ಆಗಿರಲಿಲ್ಲ, ಪಾಲು ಕೇಳುವ ದಾರಿಯಲ್ಲಿ ತಾನಾಗೇ ಬಂತು. ಆದರೆ ಆ ಮಂಡಳಿಯ ಮುಂಚೂಣಿಯಲ್ಲಿ ದಲಿತರಿಗೆ ಜಾಗ ಇರಲಿಲ್ಲ, ಅದನ್ನೂ ಹೇಳಲೇಬೇಕು. ನೂರು ವರ್ಷದ ನಂತರವೂ ನಮ್ಮ ಸೌಹಾರ್ದದ ಗಂಟು ಸಿಕ್ಕಿಕೊಂಡಿರುವುದು ಅಲ್ಲೇ.

ಮಂಡ್ಯದ ಪಕ್ಕದಲ್ಲೇ ಹನಕೆರೆ ಇದೆ. 2024ರ ನವೆಂಬರಿನಲ್ಲಿ ಅಲ್ಲಿನ ಕಾಲಭೈರವೇಶ್ವರ ದೇವಸ್ಥಾನಕ್ಕೆ ದಲಿತರು ಪೊಲೀಸ್ ಬಂದೋಬಸ್ತಿನಲ್ಲಿ ಮೊದಲ ಸಲ ಒಳಗೆ ಹೋದರು. ಅದಕ್ಕೆ ಸಿಟ್ಟಾದ ಕೆಲವರು ಉತ್ಸವ ಮೂರ್ತಿಯನ್ನೇ ಅಲ್ಲಿಂದ ಎತ್ತಿಕೊಂಡು ಹೋದರು. ನಾಗಮಂಗಲದ ಗಲಾಟೆಯಾಗಿ ಆಗಿನ್ನೂ ಎರಡು ತಿಂಗಳು. ಆ ಎರಡು ತಿಂಗಳಲ್ಲಿ ಹಿಂದೂ ಐಕ್ಯದ ಮಾತು ಜಿಲ್ಲೆಯಲ್ಲಿ ಎಷ್ಟು ಕೇಳಿತ್ತು! ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ, 25ನೇ ವಿಧಿಯ ಎರಡನೇ ಖಂಡ ಸಾರ್ವಜನಿಕ ದೇವಸ್ಥಾನಗಳ ಬಾಗಿಲನ್ನು ಎಲ್ಲ ಹಿಂದೂಗಳಿಗೂ ತೆರೆಯಲು ಕಾನೂನು ಮಾಡಬಹುದು ಅನ್ನುತ್ತದೆ. ಸಭೆಗಳಲ್ಲಿ ಪೀಠಿಕೆ ಓದುವ ನಾವು ಈ ಎರಡು ವಿಧಿಗಳನ್ನು ಊರಿನ ಗುಡಿ ಮುಂದೆ ನಿಂತು ಓದುವುದಿಲ್ಲ. ಯಾಕೆಂದರೆ ಓದಿದರೆ ಜಗಳ ಆಗುತ್ತದೆ.

ನಂಜನಗೂಡು ತಾಲೂಕಿನ ಬದನವಾಳು ಇದಕ್ಕಿಂತ ಕಷ್ಟದ ಪಾಠ. 1927ರಲ್ಲಿ ಗಾಂಧಿ ಬಂದು ನೋಡಿಹೋದ ಖಾದಿ ಕೇಂದ್ರ ಇದ್ದ ಊರು. ನೂಲು ತೆಗೆದು ಅನ್ನ ಕಂಡ ಊರು, ಅದಕ್ಕೇ ರಾಜ್ಯಕ್ಕೆಲ್ಲ ಹೆಸರಾದ ಊರು. ಅದೇ ಊರಲ್ಲಿ ದಲಿತರು ದೇವಸ್ಥಾನ ಪ್ರವೇಶ ಮಾಡಿದ ಮೇಲೆ ಹಗೆ ಬೆಳೆದು 1993ರ ಮಾರ್ಚಿನಲ್ಲಿ ಮೂವರು ದಲಿತರ ಕೊಲೆ ಆಯಿತು. ಒಂದೇ ಊರಲ್ಲಿ ದುಡಿದು ತಿಂದರೆ ಎಲ್ಲ ಸರಿಹೋಗುತ್ತದೆ ಅಂತ ನಂಬುವವರು ಬದನವಾಳನ್ನು ನೆನೆಯಬೇಕು. ಜೊತೆಗಿರುವುದು ಬೇರೆ, ಸಮ ಅಂತ ಒಪ್ಪುವುದು ಬೇರೆ.

ಇದನ್ನೇ ಕ್ರಿಕೆಟ್ ಮೈದಾನದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಮ್ಯಾಟ್ ಲೋ ಅನ್ನುವ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ಹಿಡಿದು, ಹೋಲಿಕೆಗೆ ಕೆಲವರನ್ನು ಹೊರಗಿಟ್ಟು, ಉಳಿದವರಿಂದ ಕ್ರಿಕೆಟ್ ಲೀಗ್ ಆಡಿಸಿದರು. ಯಾರು ಯಾವ ತಂಡ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಒಂದೇ ತಂಡದಲ್ಲಿ ಆಡಿದ ಬೇರೆ ಜಾತಿಯವರ ನಡುವೆ ಸ್ನೇಹ ಬೆಳೆಯಿತು. ಎದುರಾಳಿಯಾಗಿ ಆಡಿದವರ ನಡುವೆ ಅದು ಬೆಳೆಯಲಿಲ್ಲ, ಕೆಲವು ಕಡೆ ಇನ್ನೂ ಕಮ್ಮಿಯೇ ಆಯಿತು. ಸುಮ್ನೆ ಎದುರುಬದುರು ಕೂರಿಸಿದರೆ ಸಾಲದು, ಒಂದೇ ತಂಡಕ್ಕೆ ಹಾಕಬೇಕು. ನಮ್ಮ ಶಾಂತಿ ಸಭೆಯಲ್ಲಿ ಮಾಡುವುದು ಇದರ ಉಲ್ಟಾ. ಆ ಕೋಮಿನವರು ಆ ಕಡೆ, ಈ ಕೋಮಿನವರು ಈ ಕಡೆ, ನಡುವೆ ಪೊಲೀಸ್ ಅಂಪೈರ್.

ಪೊಲೀಸರೇ ಬೇರೆ ತರಹ ಮಾಡಿದ ಉದಾಹರಣೆಯೂ ಇದೆ. ಮಹಾರಾಷ್ಟ್ರದ ಭಿವಂಡಿ ಮಗ್ಗಗಳ ಊರು, 1970ರಲ್ಲಿ, ಮತ್ತೆ 1984ರಲ್ಲಿ ಹತ್ತಿ ಉರಿದ ಊರು. 1988ರಲ್ಲಿ ಅಲ್ಲಿಗೆ ಡಿಸಿಪಿ ಆಗಿ ಬಂದ ಸುರೇಶ್ ಖೋಪಡೆ ಗಲ್ಲಿಗಲ್ಲಿಗೂ ಮೊಹಲ್ಲಾ ಸಮಿತಿ ಮಾಡಿದರು, ಒಟ್ಟು ಸುಮಾರು 70. ಅವುಗಳಲ್ಲಿ ಹಿಂದೂ ಮುಸ್ಲಿಂ ಇಬ್ಬರೂ ಇರಬೇಕು, ದೊಡ್ಡ ಮುಖಂಡರ ಬದಲು ಆ ಗಲ್ಲಿಯ ಸಾಮಾನ್ಯರು ಇರಬೇಕು, ಆ ಬೀಟಿನ ಕಾನ್‌ಸ್ಟೆಬಲ್ ಕೂಡ ಜೊತೆಗೆ ಕೂರಬೇಕು. ಹಬ್ಬಕ್ಕೆ ಮಾತ್ರ ಸೇರುವ ಸಮಿತಿ ಅಲ್ಲ ಅದು, ವರ್ಷಪೂರ್ತಿ ಸೇರುತ್ತಿತ್ತು. ಮನೆ ಜಗಳ, ನೆರೆಮನೆಯವರ ತಕರಾರು, ಅಂಥ ವಿಚಾರಗಳೂ ಅಲ್ಲೇ ಬರುತ್ತಿದ್ದವು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿಯುವಾಗ ಭಿವಂಡಿ ತಣ್ಣಗಿತ್ತು. ಒಬ್ಬ ಅಧಿಕಾರಿಯ ಆಸಕ್ತಿಯ ಮೇಲೆ ನಿಂತ ವ್ಯವಸ್ಥೆ ಆ ಅಧಿಕಾರಿ ವರ್ಗ ಆದ ಮೇಲೆ ಸೊರಗುವ ಅಪಾಯ ಇದ್ದೇ ಇದೆ, ಆ ಮಾತು ಬೇರೆ. ಆದರೆ ದಾರಿ ಇತ್ತು ಅನ್ನುವುದಂತೂ ಗೊತ್ತಾಯಿತು.

ರಾಜಕೀಯ ಶಾಸ್ತ್ರಜ್ಞ ಅಶುತೋಷ್ ವಾರ್ಷ್ನೇಯ ಕೂಡ ಗಲಭೆ ಆಗುವ ಊರು, ಆಗದ ಊರುಗಳನ್ನು ಜೋಡಿ ಮಾಡಿ ಹೋಲಿಸಿ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದರು. ಹಬ್ಬಕ್ಕೆ ಸಿಹಿ ಹಂಚುವುದು, ನಮಸ್ಕಾರ ಸಲಾಂ ಹೇಳುವುದು ಹಳ್ಳಿಗೆ ಸಾಕಾಗಬಹುದು, ಪಟ್ಟಣಕ್ಕೆ ಸಾಲದು. ಅಲ್ಲಿ ವ್ಯಾಪಾರಿಗಳ ಸಂಘ, ಕಾರ್ಮಿಕ ಸಂಘ, ವೃತ್ತಿ ಸಂಘಗಳಲ್ಲಿ ಎರಡೂ ಸಮುದಾಯದವರು ಒಟ್ಟಿಗೆ ಇರಬೇಕು. ಗಲಾಟೆ ಆದರೆ ಸಂಘಕ್ಕೇ ನಷ್ಟ ಅನ್ನುವ ಪರಿಸ್ಥಿತಿ ಇದ್ದಾಗ ವದಂತಿಯನ್ನು ತಡೆಯಲು ಜನರೇ ಓಡಾಡುತ್ತಾರೆ.

ಮಂಡ್ಯದಲ್ಲಿ ಇಂಥ ಸಂಬಂಧಗಳಿಗೆ ಬರ ಇಲ್ಲ. ಮದ್ದೂರು, ಮಳವಳ್ಳಿ ಕಡೆಯ ರೈತ ರೇಷ್ಮೆ ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಾನೆ. ಅಲ್ಲಿ ಆ ಗೂಡು ಕೊಳ್ಳುವ ರೀಲರ್‌ಗಳಲ್ಲಿ ಬಹಳ ಮಂದಿ ಮುಸ್ಲಿಮರು. ಗೂಡಿನ ರೇಟು ಬಿದ್ದರೆ ರೈತನಿಗೆ ಹೊಡೆತ, ನೂಲಿನ ರೇಟು ಬಿದ್ದರೆ ರೀಲರ್‌ಗೆ ಹೊಡೆತ. ಆಮದು ರೇಷ್ಮೆಯ ಸುಂಕ ಇಳಿದರೆ ಇಬ್ಬರಿಗೂ. ಕಾವೇರಿ ಚಳವಳಿಯಲ್ಲಂತೂ ಹಸಿರು ಟವೆಲ್ ಹಾಕಿಕೊಂಡು ರಸ್ತೆಗೆ ಕೂತವರ ಧರ್ಮ ಯಾರೂ ಕೇಳಿಲ್ಲ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಬಾಬಯ್ಯನ ಹಬ್ಬ, ಅಂದರೆ ಮೊಹರಂ, ಮಾಡಿಕೊಂಡು ಬಂದ ಸೀಮೆ ನಮ್ಮದು. ಸೌಹಾರ್ದ ಸಭೆಯ ಆಹ್ವಾನ ಪತ್ರಿಕೆಯಲ್ಲಿ ಮಾತ್ರ ರೇಷ್ಮೆ ಬೆಳೆಗಾರ ಇಲ್ಲ, ರೀಲರ್ ಇಲ್ಲ, ಆಲೆಮನೆಯ ಕೂಲಿ ಇಲ್ಲ, ಜಾತ್ರೆಯಲ್ಲಿ ಬಳೆ ಮಾರುವವಳು ಇಲ್ಲ.

ಬಳೆ ಮಾರುವವಳ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2022ರ ಮಾರ್ಚಿನಲ್ಲಿ ಕರಾವಳಿಯಿಂದ ಶುರುವಾಗಿ ರಾಜ್ಯದ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಬೇಡ ಅನ್ನುವ ಬ್ಯಾನರ್ ಬಂದವು. ಆಗ ಸರ್ಕಾರ ವಿಧಾನಸಭೆಯಲ್ಲಿ ತೋರಿಸಿದ್ದು ಮುಜರಾಯಿ ಇಲಾಖೆಯ 2002ರ ನಿಯಮಗಳನ್ನು. ಅವುಗಳ 31ನೇ ನಿಯಮದ 12ನೇ ಉಪನಿಯಮ ಸಂಸ್ಥೆಯ ಹತ್ತಿರದ ಜಾಗ, ಕಟ್ಟಡ, ನಿವೇಶನವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಅನ್ನುತ್ತದೆ. ಖಾಯಂ ಗುತ್ತಿಗೆಯ ಈ ಮಾತು ಮೂರು ದಿನದ ಜಾತ್ರೆ ಮಳಿಗೆಗೂ, ತಲೆ ಮೇಲೆ ಬುಟ್ಟಿ ಹೊತ್ತು ಮಾರುವವಳಿಗೂ ಅನ್ವಯ ಆಗುತ್ತದೋ ಇಲ್ಲವೋ ಅನ್ನುವುದು ಒಬ್ಬ ಬಡವಳ ವರ್ಷದ ಸಂಪಾದನೆಯ ಪ್ರಶ್ನೆ. ಒಳ್ಳೆಯ ಸೌಹಾರ್ದ ಸಭೆ ಅಂದರೆ ಆ ನಿಯಮದ ಪ್ರತಿ ಕೈಯಲ್ಲಿ ಹಿಡಿದು, ದೇವಸ್ಥಾನ ಸಮಿತಿಯವರನ್ನೂ ವ್ಯಾಪಾರಿಗಳನ್ನೂ ತಹಶೀಲ್ದಾರರನ್ನೂ ಒಂದೇ ಕಡೆ ಕೂರಿಸುವ ಸಭೆ. ಅದಕ್ಕೆ ಸ್ವಾಮೀಜಿ ಬೇಕಿಲ್ಲ, ಒಬ್ಬ ವಕೀಲ ಬೇಕು.

ಹಾಗಾದರೆ ವೇದಿಕೆ ಮೇಲಿನ ಸಂಕೇತಕ್ಕೆ ಬೆಲೆಯೇ ಇಲ್ಲವೇ? ಇದೆ. 2025ರ ಸೆಪ್ಟೆಂಬರ್ 22ರಂದು ಬಾನು ಮುಷ್ತಾಕ್ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದ್ದು ಸಣ್ಣ ವಿಷಯ ಅಲ್ಲ. ಅವರನ್ನು ತಡೆಯಬೇಕು ಅಂತ ಹೋದ ಅರ್ಜಿಗಳನ್ನು ಹೈಕೋರ್ಟ್ ಸೆಪ್ಟೆಂಬರ್ 15ರಂದು ವಜಾ ಮಾಡಿತು, ಸುಪ್ರೀಂ ಕೋರ್ಟ್ 19ರಂದು ಸಂವಿಧಾನದ ಪೀಠಿಕೆಯನ್ನೇ ನೆನಪಿಸಿ ಅರ್ಜಿ ತಳ್ಳಿಹಾಕಿತು. ಆದರೆ 2017ರಲ್ಲಿ ಕವಿ ನಿಸಾರ್ ಅಹಮದ್ ಇದೇ ದಸರಾ ಉದ್ಘಾಟಿಸಿದಾಗ ಇಷ್ಟು ದೊಡ್ಡ ರಾದ್ಧಾಂತ ಆಗಿರಲಿಲ್ಲ. ಎಂಟು ವರ್ಷದಲ್ಲಿ ಅದೇ ಸಂಕೇತ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು ಅಂದರೆ ಕೆಳಗೆ ನೆಲ ಸರಿದಿದೆ. ಸಂಕೇತ ಉಳಿಯಿತು, ಕೋರ್ಟ್ ಉಳಿಸಿತು. ನೆಲ ಸರಿಯುವುದನ್ನು ಕೋರ್ಟ್ ತಡೆಯಲಾರದು.

ಹೊಸದಾಗಿ ಏನನ್ನೂ ಕಟ್ಟುವ ಅಗತ್ಯ ಇಲ್ಲ ಅನ್ನುವುದೇ ಇದರಲ್ಲಿ ವಿಚಿತ್ರ. ಪರಿಶಿಷ್ಟ ಜಾತಿ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು, ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಹಬ್ಬದ ಮುಂಚೆ ಜಿಲ್ಲಾ ಮಟ್ಟದ ಶಾಂತಿ ಸಭೆ ನಡೆಸುವವರೂ ಅದೇ ಜಿಲ್ಲಾಧಿಕಾರಿ. ಒಂದೇ ಅಧಿಕಾರಿ, ಒಂದೇ ಎಸ್‌ಪಿ, ಬಹುಶಃ ಒಂದೇ ಸಭಾಂಗಣ. ಆದರೂ ದಲಿತರ ಸಭೆಗೆ ಮುಸ್ಲಿಮರು ಬರುವುದಿಲ್ಲ, ಶಾಂತಿ ಸಭೆಗೆ ಬಂದ ದಲಿತರು ಅಲ್ಲಿ ಬರೀ ಹಿಂದೂಗಳ ಲೆಕ್ಕಕ್ಕೆ ಸೇರುತ್ತಾರೆ. ಹನಕೆರೆಯಂಥ ಊರಿನ ವಿಚಾರ ಒಂದು ಕಡತದಲ್ಲಿ, ನಾಗಮಂಗಲದಂಥ ಊರಿನ ವಿಚಾರ ಇನ್ನೊಂದು ಕಡತದಲ್ಲಿ. ಗುಡಿಯೊಳಗೆ ಬಿಟ್ಟುಕೊಳ್ಳದ ಹುಡುಗನನ್ನು ಮೆರವಣಿಗೆಗೆ ಮಾತ್ರ ಕರೆಯುವುದು ಹೇಗೆ ನಡೆಯುತ್ತದೆ ಅಂತ ಕೇಳಬೇಕಾದರೆ ಎರಡೂ ಕಡತ ಒಂದೇ ಮೇಜಿನ ಮೇಲೆ ಬರಬೇಕು.

ಸೌಹಾರ್ದ ವೇದಿಕೆಗಳು ಈ ವರ್ಷ ಒಂದು ಸಮಾವೇಶ ಕಡಿಮೆ ಮಾಡಿ ಆ ದುಡ್ಡು, ಆ ಶ್ರಮವನ್ನು ಇದಕ್ಕೆ ಹಾಕಲಿ. ಕಳೆದ ಶಾಂತಿ ಸಭೆಯ ನಡಾವಳಿ ಮಾಹಿತಿ ಹಕ್ಕಿನಲ್ಲಿ ಕೇಳಿ ತರಲಿ, ಅದರಲ್ಲಿ ಯಾರ ಸಹಿ ಇದೆ, ಯಾರದಿಲ್ಲ ನೋಡಲಿ. ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತಿದೆಯಾ ಅಂತ ಕೇಳಲಿ. ಮುಂದಿನ ಶಾಂತಿ ಸಭೆಗೆ ಗಣೇಶ ಕೂರಿಸುವ ಹುಡುಗರಲ್ಲಿ ಇಬ್ಬರು, ದರ್ಗಾ ಗಲ್ಲಿಯ ಇಬ್ಬರು, ದಲಿತ ಕೇರಿಯ ಇಬ್ಬರು, ಸಂತೆಯಲ್ಲಿ ವ್ಯಾಪಾರ ಮಾಡುವ ಇಬ್ಬರು ಹೆಂಗಸರು ಬರಲೇಬೇಕು ಅಂತ ಅರ್ಜಿ ಕೊಡಲಿ. ತಹಶೀಲ್ದಾರರು ಆಗಲ್ಲ ಅಂದರೆ, ಯಾಕಾಗಲ್ಲ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲಿ.